ಪ್ಯಾಟ್ರೋಲ್ ಲೀಡರ್ ಕೈಗೆ ನಿಜವಾದ ಕೆಲಸ ಕೊಡುವುದು ಹೇಗೆ: ಹೊಸ ಗೈಡ್ ಕ್ಯಾಪ್ಟನ್, ಸ್ಕೌಟ್ ಮಾಸ್ಟರ್‌ಗಳಿಗೆ

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಗೈಡ್ ಕ್ಯಾಪ್ಟನ್, ಅಂದರೆ ಶಾಲೆಯ ಗೈಡ್ ಹುಡುಗಿಯರನ್ನು ನೋಡಿಕೊಳ್ಳುವವಳು ಕೂಡ ಹೌದು. ಹೊಸದಾಗಿ ಈ ಕೆಲಸಕ್ಕೆ ಬಂದ ಶಿಕ್ಷಕರು, ಸಹಾಯಕ್ಕೆ ಬರುವ ತಾಯಂದಿರು, ಹಳೆ ವಿದ್ಯಾರ್ಥಿಗಳು ಸಿಕ್ಕಾಗಲೆಲ್ಲ ಒಂದೇ ಮಾತು ಹೇಳುತ್ತಾರೆ: "ಮಕ್ಕಳ ಕೈಲಿ ಆಗಲ್ಲ ಮೇಡಂ, ಕೊನೆಗೆ ಎಲ್ಲಾ ನಾವೇ ಮಾಡ್ಬೇಕು." ಆಗುತ್ತದೆ. ಆಗುವ ಹಾಗೆ ನಾವು ಕೆಲಸ ಹೊಂದಿಸಿ ಕೊಡಬೇಕು, ಆಮೇಲೆ ಅಡ್ಡ ಹೋಗಬಾರದು. ಅದನ್ನು ಮಾಡುವುದು ಹೇಗೆಂದು ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ಹುಡುಗಿಯರ ಕಂಪನಿ (ಗೈಡ್‌ಗಳ ಘಟಕಕ್ಕೆ ಹೀಗೆನ್ನುತ್ತಾರೆ) ನಡೆಸುವವಳು, ಹಾಗಾಗಿ ಉದಾಹರಣೆಗಳೆಲ್ಲ ಗೈಡ್ಸ್‌ನವು. ಹುಡುಗರ ಸ್ಕೌಟ್ ಟ್ರೂಪ್‌ಗೂ ಇದೇ ದಾರಿ.

ಮೊದಲು ಒಂದು ಹಿನ್ನೆಲೆ. 1899-1900ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಿಗೆ ಮುತ್ತಿಗೆ ಬಿದ್ದಾಗ ಅಲ್ಲಿನ ಸಣ್ಣ ಹುಡುಗರು ಸೈಕಲ್ ಮೇಲೆ ಸಂದೇಶ ಮುಟ್ಟಿಸುವಂಥ ಕೆಲಸಗಳನ್ನು ಮಾಡಿದರು. ಜವಾಬ್ದಾರಿ ಕೊಟ್ಟರೆ ಮಕ್ಕಳು ಹೊರುತ್ತಾರೆ ಎಂಬುದನ್ನು ಮುಂದೆ ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ ಕಣ್ಣಾರೆ ಕಂಡದ್ದು ಅಲ್ಲಿ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಮೊದಲ ಶಿಬಿರ ನಡೆಸಿದಾಗ ದೊಡ್ಡ ಮನೆತನದ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಸೇರಿಸಿ ನಾಲ್ಕು ಪ್ಯಾಟ್ರೋಲ್, ಅಂದರೆ ಸಣ್ಣ ತಂಡ, ಮಾಡಿದರು. ತೋಳ, ಗೂಳಿ, ಕರ್ಲ್ಯೂ ಹಕ್ಕಿ, ರೇವನ್ ಕಾಗೆ ಎಂದು ಅವುಗಳ ಹೆಸರು. ಒಂದೊಂದಕ್ಕೂ ಒಬ್ಬ ಹುಡುಗನೇ ಲೀಡರ್. ಎರಡು ವರ್ಷ ಕಳೆದು, 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ರ‍್ಯಾಲಿಗೆ ಹುಡುಗಿಯರು ಯಾರೂ ಕರೆಯದಿದ್ದರೂ ತಾವೇ ಸ್ಕೌಟ್ ವೇಷದಲ್ಲಿ ಬಂದು ನಿಂತರು. ಗೈಡ್ಸ್ ಸಂಸ್ಥೆ ಹುಟ್ಟಿದ್ದು ಅದರ ಮಾರನೆ ವರ್ಷ. ಅಂದರೆ ದೊಡ್ಡವರು ಸಂಸ್ಥೆ ಕಟ್ಟುವ ಮೊದಲೇ ಹುಡುಗಿಯರು ಕೆಲಸ ಶುರು ಮಾಡಿದ್ದರು. ನನ್ನ ಕಂಪನಿಯ ಪ್ರತಿ ಹೊಸ ಬ್ಯಾಚಿಗೂ ನಾನು ಹೇಳುವ ಮೊದಲ ಕಥೆ ಇದು. ಕೇಳಿದ ಮೇಲೆ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಲೀಡರ್ ಯಾರಾಗಬೇಕು

ಒಂದು ಪ್ಯಾಟ್ರೋಲಿಗೆ 6ರಿಂದ 8 ಮಕ್ಕಳು. ನಮ್ಮಲ್ಲಿ ಸೇವಂತಿಗೆ, ಕನಕಾಂಬರ, ಸುಗಂಧರಾಜ ಎಂದು ಮೂರು ಪ್ಯಾಟ್ರೋಲ್ ಇವೆ. ಮಕ್ಕಳ ಮನೆಯವರು ಬೆಳೆದು ತುಮಕೂರಿನ ಮಾರುಕಟ್ಟೆಗೆ ಹಾಕುವ ಹೂಗಳೇ ಇವು, ಹೆಸರು ಆರಿಸಿದ್ದೂ ಮಕ್ಕಳೇ.

ಒಂದು ತರಗತಿಯವರನ್ನೆಲ್ಲ ಒಂದೇ ಪ್ಯಾಟ್ರೋಲಿಗೆ ಹಾಕಬೇಡಿ. ಎಂಟು, ಒಂಬತ್ತು, ಹತ್ತು ಮೂರೂ ಬೆರೆತಿರಲಿ. ದೊಡ್ಡವಳು ಚಿಕ್ಕವಳಿಗೆ ಕಲಿಸದೆ ವಿಧಿಯಿಲ್ಲ ಎನ್ನುವ ಸ್ಥಿತಿ ಇದ್ದರೆ ಮಾತ್ರ ಪ್ಯಾಟ್ರೋಲ್ ನಡೆಯುತ್ತದೆ.

ಲೀಡರನ್ನು ಪ್ಯಾಟ್ರೋಲಿನ ಮಕ್ಕಳೇ ಆರಿಸಲಿ, ಕ್ಯಾಪ್ಟನ್ ಜೊತೆ ಮಾತಾಡಿ. ಇಲ್ಲಿ ಶಿಕ್ಷಕರಿಗೆ ಒಂದು ಸೆಳೆತ ಇರುತ್ತದೆ. ಕ್ಲಾಸ್ ಲೀಡರ್ ಆದವಳನ್ನೋ, ಫಸ್ಟ್ ರ‍್ಯಾಂಕ್ ಬರುವವಳನ್ನೋ, ಮಾತು ಚೆನ್ನಾಗಿ ಆಡುವವಳನ್ನೋ ಕೂರಿಸಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಆ ಹುಡುಗಿಯ ಹೆಗಲ ಮೇಲೆ ಆಗಲೇ ಪ್ರಾರ್ಥನೆ, ಪ್ರತಿಭಾ ಕಾರಂಜಿ, ಭಾಷಣ ಎಲ್ಲವೂ ಬಿದ್ದಿರುತ್ತವೆ. ಚುನಾವಣೆಗೆ ಮುಂಚೆ ಎರಡು ಮೂರು ವಾರ ಮಕ್ಕಳನ್ನು ಸುಮ್ಮನೆ ಆಟಕ್ಕೆ ಬಿಟ್ಟು ನೋಡಿ. ಬಿದ್ದವಳನ್ನು ಎತ್ತಲು ಯಾರು ಓಡುತ್ತಾರೆ, ಜಗಳ ಆದಾಗ ಎಲ್ಲರೂ ಯಾರ ಮುಖ ನೋಡುತ್ತಾರೆ? ಮಕ್ಕಳಿಗೆ ಅದು ಗೊತ್ತಿರುತ್ತದೆ. ಆರಿಸುವ ಮುಂಚೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿ: "ಬೆಟ್ಟದಲ್ಲಿ ಮಳೆ ಬಂತು, ಕತ್ತಲಾಯ್ತು, ನಾನು ಜೊತೆಗಿಲ್ಲ. ಯಾರ ಮಾತು ಕೇಳ್ತೀರಾ?"

ಹತ್ತನೇ ತರಗತಿಯವಳನ್ನು ಲೀಡರ್ ಮಾಡುವ ಮುನ್ನ ಯೋಚಿಸಿ. ದಸರಾ ರಜೆ ಮುಗಿದ ಮೇಲೆ ವಿಶೇಷ ತರಗತಿ, ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ. ಅವಳನ್ನು ಶನಿವಾರ ಮೈದಾನಕ್ಕೆ ಕರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಾನು ಒಂಬತ್ತನೇ ತರಗತಿಯವಳು ಲೀಡರ್, ಎಂಟನೆಯವಳು ಸೆಕೆಂಡ್ (ಲೀಡರ್‌ಗೆ ಸಹಾಯಕಿ) ಇರುವಂತೆ ಮಕ್ಕಳಿಗೆ ಸೂಚಿಸುತ್ತೇನೆ. ಹತ್ತನೆಯವರು ಪ್ಯಾಟ್ರೋಲಿನಲ್ಲೇ ಇದ್ದು, ಆದಾಗ ಬಂದು ಕಲಿಸಿ ಹೋಗುತ್ತಾರೆ. ನವೆಂಬರ್ 7, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥಾಪನಾ ದಿನದ ಆಸುಪಾಸಿನಲ್ಲಿ ಅವರಿಂದ ಕೆಲಸ ಪೂರ್ತಿ ವಹಿಸಿಕೊಂಡು ಮುಗಿಸಿದರೆ ಎಲ್ಲರಿಗೂ ಒಳ್ಳೆಯದು.

ಬುಧವಾರದ ಅರ್ಧ ಗಂಟೆ

ಈ ಬರಹದಲ್ಲಿ ನೀವು ಒಂದೇ ಒಂದು ಸಂಗತಿ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ನಮ್ಮ ಕಂಪನಿ ಸೇರುವುದು ಶನಿವಾರ. ಆದರೆ ನನ್ನ ಮುಖ್ಯ ಕೆಲಸ ಬುಧವಾರವೇ ಮುಗಿದಿರುತ್ತದೆ. ಶಾಲೆ ಬಿಟ್ಟ ಮೇಲೆ ಲೀಡರ್, ಸೆಕೆಂಡ್‌ಗಳು, ಇಡೀ ಕಂಪನಿಗೆ ಹಿರಿಯ ಹುಡುಗಿಯಾದ ಕಂಪನಿ ಲೀಡರ್ ಇಷ್ಟೇ ಜನ ಪ್ರಯೋಗಾಲಯದ ಮುಂದಿನ ಜಗುಲಿಯಲ್ಲಿ ಕೂರುತ್ತೇವೆ. ಶನಿವಾರ ಕ್ಲೋವ್ ಹಿಚ್ ಕಲಿಸಬೇಕು ಎಂದುಕೊಳ್ಳಿ. ಆ ಗಂಟನ್ನು ನಾನು ಇವರಿಗೆ ಮಾತ್ರ ಕಲಿಸುತ್ತೇನೆ. ಕಂಬಕ್ಕೆ ಕಟ್ಟಿಸುತ್ತೇನೆ, ಬಿಚ್ಚಿಸುತ್ತೇನೆ, ಕಣ್ಣು ಮುಚ್ಚಿ ಕಟ್ಟಿಸುತ್ತೇನೆ. ಇಷ್ಟಕ್ಕೆ ನಿಲ್ಲಿಸಬಾರದು. "ಈಗ ನನಗೆ ಬರಲ್ಲ ಅಂದ್ಕೊಳ್ಳಿ, ನೀನು ಕಲಿಸು" ಎನ್ನುತ್ತೇನೆ. ನಾನು ಹಗ್ಗ ತಿರುಗುಮುರುಗು ಹಿಡಿಯುತ್ತೇನೆ, ಎಡಗೈಲಿ ಹಿಡಿಯುತ್ತೇನೆ, "ಯಾಕೆ ಹಿಂಗೇ ಹಾಕ್ಬೇಕು?" ಎಂದು ಕೇಳುತ್ತೇನೆ. ಶನಿವಾರ ಎಂಟನೇ ತರಗತಿಯ ಪುಟ್ಟಿ ಏನೇನು ಕೇಳಬಹುದೋ ಅದೆಲ್ಲ ಬುಧವಾರವೇ ಕೇಳಿ ಆಗಿರಬೇಕು.

ಶನಿವಾರ ಮಕ್ಕಳಿಗೆ ಗಂಟು ಕಲಿಸುವವರು ಲೀಡರ್‌ಗಳೇ. ನಾನು ಎಲ್ಲರ ಮುಂದೆ ಹಗ್ಗ ಹಿಡಿಯುವುದೇ ಇಲ್ಲ. ನನಗಿಂತ ಚೆನ್ನಾಗಿ ಕಲಿಸುತ್ತಾರೆ ಎನ್ನಲಾರೆ, ನಿಧಾನ ಆಗುತ್ತದೆ, ಒಂದು ಪ್ಯಾಟ್ರೋಲ್ ಮುಗಿಸಿದಾಗ ಇನ್ನೊಂದು ಅರ್ಧದಲ್ಲಿರುತ್ತದೆ. ಆದರೆ ಕಲಿಸಿದವಳು ಆ ಗಂಟನ್ನು ಜನ್ಮದಲ್ಲಿ ಮರೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳ ಪ್ಯಾಟ್ರೋಲಿನ ಮಕ್ಕಳು ಏನಾದರೂ ಬೇಕಾದರೆ ಅವಳ ಹತ್ತಿರ ಹೋಗಲು ಶುರು ಮಾಡುತ್ತಾರೆ.

ಕಂಪನಿಯೆಲ್ಲ ಸೇರಿದಾಗ ದೊಡ್ಡವರು ಕಲಿಸಿದರೆ ಲೀಡರ್ ಕೈಗೆ ಹಾಜರಿ ಕರೆಯುವ ಕೆಲಸ ಬಿಟ್ಟು ಏನೂ ಉಳಿಯುವುದಿಲ್ಲ. ಸಮವಸ್ತ್ರದ ಮೇಲೆ ಪಟ್ಟಿ ಇರುತ್ತದೆ, ಕೆಲಸ ಇರುವುದಿಲ್ಲ. ಎಷ್ಟೋ ಕಡೆ ಆಗಿರುವುದು ಇದೇ.

ಬುಧವಾರದ ಸಭೆಗೆ ಸಮಯ ಎಲ್ಲಿದೆ ಎಂದು ಕೇಳುತ್ತೀರಿ. ಹಳ್ಳಿ ಮಕ್ಕಳಿಗೆ ಬಸ್ಸು ಹಿಡಿಯುವ ಅವಸರ ಇರುತ್ತದೆ, ನಿಜ. ಆಗ ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲಿನ ಹೊತ್ತು ಬಳಸಿ. ಇಪ್ಪತ್ತು ನಿಮಿಷ ಸಾಕು, ಆದರೆ ವಾರ ತಪ್ಪಬಾರದು.

ಪಕ್ಕದಲ್ಲಿ ಇದ್ದೂ ಕೈ ಹಾಕದಿರುವುದು

ಒಂದು ದಿನದ ಹೈಕ್‌ಗೆ ದೇವರಾಯನದುರ್ಗದ ಕಡೆ ಹೋಗಿದ್ದೆವು. ಬೆಳಿಗ್ಗೆ ಭೋಗ ನರಸಿಂಹನ ಗುಡಿಯಿಂದ ಮೇಲಿನ ಯೋಗ ನರಸಿಂಹನ ಗುಡಿಯ ತನಕ ನಡಿಗೆ, ಇಳಿದ ಮೇಲೆ ಅಡುಗೆ. ಅದು ಕಾಯ್ದಿಟ್ಟ ಅರಣ್ಯ, ಕಾಡೊಳಗೆ ಬೆಂಕಿ ಹಚ್ಚುವಂತಿಲ್ಲ. ಆದ್ದರಿಂದ ಬೆಟ್ಟದ ಕೆಳಗಿನ ಹಳ್ಳಿಯ ಶಾಲೆಯ ಅಂಗಳವನ್ನು ಮೊದಲೇ ಕೇಳಿ ಇಟ್ಟುಕೊಂಡಿದ್ದೆವು. ಪ್ಯಾಟ್ರೋಲಿಗೆ ಇಷ್ಟು ಎಂದು ದುಡ್ಡು ಲೀಡರ್ ಕೈಗೆ ಕೊಟ್ಟಾಗಿತ್ತು. ಏನು ಮಾಡಬೇಕು, ಎಲ್ಲಿ ಕೊಳ್ಳಬೇಕು, ಯಾರು ಹೊರಬೇಕು ಎಲ್ಲ ಅವರದೇ.

ಸೇವಂತಿಗೆ ಪ್ಯಾಟ್ರೋಲ್ ಮುದ್ದೆ, ಅವರೆಕಾಳು ಸಾರು ಎಂದು ಬರೆದುಕೊಂಡಿತ್ತು. ಎಸರು ಕಾಯಿತು, ಹಿಟ್ಟು ಸುರಿದರು, ಬೇಯಿಸಿದರು. ತಿರುವುವಾಗ ಪಾತ್ರೆ ಅಲ್ಲಾಡದಂತೆ ಹಿಡಿಯಲು ಕವೆಗೋಲು ಬೇಕಲ್ಲ, ಅದನ್ನು ಅವರು ಎರಡು ಕೋಲಿಗೆ ಹಗ್ಗದ ಲ್ಯಾಷಿಂಗ್ ಹಾಕಿ ಅಲ್ಲೇ ಮಾಡಿಕೊಂಡಿದ್ದರು. ಅದನ್ನು ನೋಡಿ ನನಗೆ ಬಹಳ ಹೆಮ್ಮೆ ಆಯಿತು, ಪುಸ್ತಕದಲ್ಲಿ ಬರೆದದ್ದು ಹೊಟ್ಟೆಗೆ ಉಪಯೋಗಕ್ಕೆ ಬಂತಲ್ಲ ಎಂದು. ಆದರೆ ಹಿಟ್ಟು ಹೆಚ್ಚಾಗಿತ್ತು, ಕೋಲು ತಿರುಗುತ್ತಿರಲಿಲ್ಲ, ಒಳಗೆಲ್ಲ ಗಂಟು. ಲೀಡರ್ ಹುಡುಗಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಪಕ್ಕದ ಒಲೆಯ ಸುಗಂಧರಾಜದವರು ಚಿತ್ರಾನ್ನ ಮುಗಿಸಿ ಎಲೆ ಹಾಸುತ್ತಿದ್ದರು.

ಸಹಾಯಕ್ಕೆಂದು ಬಂದಿದ್ದ ತಾಯಿಯೊಬ್ಬರು ತಡೆಯಲಾರದೆ ಎದ್ದರು. "ಬಿಡೇ ಇತ್ತ, ನಾನು ಹೊಡೆದು ಕೊಡ್ತೀನಿ." ನಾನು ಅವರ ಕೈ ಹಿಡಿದು ಕೂರಿಸಿದೆ. "ಅಕ್ಕ, ಒಂದು ಗಳಿಗೆ ಇರಿ. ಬೆಂಕಿ ನೋಡ್ಕೊಳ್ಳೋಣ ನಾವು, ಮುದ್ದೆ ಅವರದು."

ಲೀಡರ್ ಒಮ್ಮೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಲಿಲ್ಲ, ನಗಲಿಲ್ಲ, ಸುಮ್ಮನೆ ನೋಡಿದೆ. ಅವಳು ತಿರುಗಿ ತನ್ನ ಪ್ಯಾಟ್ರೋಲನ್ನೇ ಕೇಳಿದಳು: "ಯಾರ ಮನೇಲಿ ನೀವೇ ಮುದ್ದೆ ಮಾಡೋದು?" ಎಂಟನೇ ತರಗತಿಯ ಒಂದು ಹುಡುಗಿ, ಮೀಟಿಂಗ್‌ನಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡೇ ಇರದವಳು, ಮೆಲ್ಲಗೆ ಅಂದಳು: "ಅಕ್ಕ, ಬಿಸಿನೀರು ಒಂಚೂರು ಸುತ್ತ ಬಿಟ್ಟು ಮುಚ್ಚಿಡಿ. ಉರಿ ತೆಗೀರಿ. ಆಮೇಲೆ ತಿರುವಿದ್ರೆ ಬರುತ್ತೆ." ಲೀಡರ್ ಮುದ್ದೆ ಕೋಲನ್ನು ಅವಳ ಕೈಗೆ ಕೊಟ್ಟು, ತಾನು ಕವೆಗೋಲು ಹಿಡಿದು ಕೂತಳು.

ಊಟ ತಡವಾಯಿತು, ಒಂದೆರಡು ಗಂಟು ಉಳಿದೂ ಇತ್ತು. ಆ ತಾಯಿ ಕೋಲು ತೆಗೆದುಕೊಂಡಿದ್ದರೆ ಎಲ್ಲರೂ ಹೊತ್ತಿಗೆ ಸರಿಯಾಗಿ ಮೆತ್ತಗಿನ ಮುದ್ದೆ ಉಣ್ಣುತ್ತಿದ್ದರು. ಆ ಎಂಟನೇ ತರಗತಿಯವಳು ಮಾತಾಡುತ್ತಿರಲಿಲ್ಲ. ತನಗೆ ಬಾರದ್ದನ್ನು ಬರುವವಳ ಕೈಗೆ ಕೊಡುವುದೂ ಲೀಡರ್ ಕೆಲಸ ಎಂದು ಒಂಬತ್ತನೆಯವಳಿಗೆ ತಿಳಿಯುತ್ತಿರಲಿಲ್ಲ.

ಹೀಗೆ ಸುಮ್ಮನಿರಲು ಒಂದಿಷ್ಟು ಅಭ್ಯಾಸ ಬೇಕು. ನಾನು ಮಾಡುವುದು ಇಷ್ಟು: ಮಕ್ಕಳ ಮಾತು ಕೇಳಿಸದಷ್ಟು, ಆದರೆ ಕೈ ಕಾಲು ಕಾಣುವಷ್ಟು ದೂರದಲ್ಲಿ ಕೂರುತ್ತೇನೆ. ಯಾವ ಮಗುವಾದರೂ ಓಡಿ ಬಂದು "ಮಿಸ್, ಏನ್ ಮಾಡೋದು?" ಎಂದರೆ, "ನಿಮ್ಮ ಲೀಡರ್ ಏನಂದ್ಲು?" ಎಂದು ಕೇಳುತ್ತೇನೆ. ಲೀಡರೇ ಬಂದು ಕೇಳಿದರೆ, "ನಿನಗೆ ಏನು ತೋಚಿದೆ? ಎರಡು ದಾರಿ ಹೇಳು" ಎನ್ನುತ್ತೇನೆ. ಎರಡು ದಾರಿ ಹೇಳುವಷ್ಟರಲ್ಲಿ ಅವಳಿಗೆ ಉತ್ತರ ಸಿಕ್ಕಿರುತ್ತದೆ. ಸಹಾಯಕ್ಕೆ ಬರುವ ದೊಡ್ಡವರಿಗೆ ಮೊದಲೇ ಒಂದು ಕೆಲಸ ಹಂಚಿಬಿಡಿ. ಬೆಂಕಿಯ ಕಾವಲು, ನೀರಿನ ಕ್ಯಾನು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ರಸ್ತೆ ದಾಟಿಸುವುದು. ಕೆಲಸವಿಲ್ಲದೆ ನಿಂತ ದೊಡ್ಡವರ ಕೈ ತಾನಾಗಿ ಮಕ್ಕಳ ಕೆಲಸಕ್ಕೆ ಹೋಗುತ್ತದೆ.

ಮುಂದಿನ ಶನಿವಾರ ಆ ಪ್ಯಾಟ್ರೋಲ್ ತನ್ನ ಕೌನ್ಸಿಲ್ ಸೇರಿತು. ಪ್ಯಾಟ್ರೋಲ್ ಇನ್ ಕೌನ್ಸಿಲ್‌ನಲ್ಲಿ ಆ ಪ್ಯಾಟ್ರೋಲಿನ ಎಲ್ಲರೂ ಇರುತ್ತಾರೆ, ದೊಡ್ಡವರು ಇರಬೇಕಾಗಿಲ್ಲ. ಯಾರಿಗೆ ಮನೆಯಲ್ಲಿ ಯಾವ ಕೆಲಸ ಬರುತ್ತದೆ ಎಂದು ಪಟ್ಟಿ ಮಾಡಿದರು. ಒಬ್ಬಳಿಗೆ ಹಾಲು ಕರೆಯಲು, ಒಬ್ಬಳಿಗೆ ಮೋಟರ್ ಆನ್ ಮಾಡಿ ಗದ್ದೆಗೆ ನೀರು ತಿರುಗಿಸಲು, ಇನ್ನೊಬ್ಬಳಿಗೆ ತೆಂಗಿನಗರಿ ಹೆಣೆಯಲು ಬರುತ್ತಿತ್ತು. ಆ ಪಟ್ಟಿ ನೋಡಿ ಮುಂದಿನ ಹೈಕ್‌ನ ಕೆಲಸ ಹಂಚಿದರು. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ಕೋರ್ಟ್ ಆಫ್ ಆನರ್ ಹೆಸರಿಗಷ್ಟೇ ಇರಬಾರದು

ಲೀಡರ್‌ಗಳೆಲ್ಲ ಸೇರುವ ಸಭೆ ಇದು. ಕಂಪನಿಯ ಮರ್ಯಾದೆ, ಶಿಸ್ತು, ಯಾರಿಗೆ ಯಾವ ಗೌರವ ಎಂಬುದೆಲ್ಲ ಇಲ್ಲಿ ತೀರ್ಮಾನ. ಕ್ಯಾಪ್ಟನ್ ಸಲಹೆಗಾರರಷ್ಟೇ. ಅಧ್ಯಕ್ಷತೆ ಮಕ್ಕಳದು, ನಡಾವಳಿ ಪುಸ್ತಕ ಬರೆಯುವುದೂ ಮಕ್ಕಳೇ. ಕುರ್ಚಿಯಲ್ಲಿ ನೀವು, ಚಾಪೆಯ ಮೇಲೆ ಅವರು ಎಂದಾದರೆ ಅದು ಕೋರ್ಟ್ ಆಫ್ ಆನರ್ ಆಗುವುದಿಲ್ಲ, ಕ್ಲಾಸ್ ಆಗುತ್ತದೆ. ಎಲ್ಲರೂ ಚಾಪೆಯ ಮೇಲೇ ಕೂತುಕೊಳ್ಳಿ.

ನಮ್ಮಲ್ಲಿ ಒಮ್ಮೆ ಸಮವಸ್ತ್ರದ ವಿಚಾರ ಬಂತು. ಒಬ್ಬಳು ವಾರವಾರವೂ ಬಣ್ಣದ ಬಟ್ಟೆಯಲ್ಲಿ ಬರುತ್ತಿದ್ದಳು. ಒಬ್ಬ ಲೀಡರ್ "ಅವಳನ್ನ ಸಾಲಿನಿಂದ ಹೊರಗೆ ನಿಲ್ಲಿಸ್ಬೇಕು" ಎಂದಳು. ಆ ಹುಡುಗಿಯ ಸ್ವಂತ ಪ್ಯಾಟ್ರೋಲ್ ಲೀಡರ್ ತಡೆದಳು: "ಅವರ ಅಪ್ಪಂಗೆ ಕೂಲಿ ಇಲ್ಲ ಈಗ. ಹಬ್ಬಕ್ಕೂ ಬಟ್ಟೆ ತಂದಿಲ್ಲ." ತುಸು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಒಂದು ನಿಯಮ ಬರೆದರು: ವಾರದ ಸಭೆಗೆ ಶಾಲೆಯ ಸಮವಸ್ತ್ರ ಅಥವಾ ಮನೆಬಟ್ಟೆಯ ಮೇಲೆ ಸ್ಕಾರ್ಫ್ ಸಾಕು. ಪೂರ್ತಿ ಗೈಡ್ ಸಮವಸ್ತ್ರ ರ‍್ಯಾಲಿ, ರಾಷ್ಟ್ರೀಯ ಹಬ್ಬಗಳಿಗೆ. ಹತ್ತನೇ ತರಗತಿ ಮುಗಿಸಿ ಹೋಗುವವರು ತಮ್ಮ ಸಮವಸ್ತ್ರ ಕಂಪನಿಗೆ ಕೊಟ್ಟು ಹೋಗಬೇಕು, ಬೇಕಾದವರು ಪೆಟ್ಟಿಗೆಯಿಂದ ತೆಗೆದುಕೊಳ್ಳಬೇಕು.

ಇಂಥ ತೀರ್ಮಾನ ಆದ ಮೇಲೆ ದೊಡ್ಡವರ ಕೆಲಸ ಶುರುವಾಗುತ್ತದೆ. ಮುಖ್ಯ ಶಿಕ್ಷಕರಿಗೋ, ನೋಡಲು ಬಂದ ಅಧಿಕಾರಿಗೋ ಬಣ್ಣಬಣ್ಣದ ಸಾಲು ಕಂಡು ಬೇಸರ ಆಗಬಹುದು. ಆಗ ಮುಂದೆ ನಿಂತು "ಸರ್, ಇದು ಮಕ್ಕಳ ಕೋರ್ಟ್ ಆಫ್ ಆನರ್ ತೀರ್ಮಾನ, ಕಾರಣ ನಡಾವಳಿಯಲ್ಲಿದೆ, ದಯವಿಟ್ಟು ಓದಿ" ಎಂದು ಹೇಳುವವರು ನೀವಾಗಬೇಕು. ಮಕ್ಕಳ ತೀರ್ಮಾನವನ್ನು ದೊಡ್ಡವರ ಎದುರು ನಾವು ಎತ್ತಿ ಹಿಡಿಯದಿದ್ದರೆ ಅವರು ಇನ್ನೊಮ್ಮೆ ತೀರ್ಮಾನ ಮಾಡುವುದಿಲ್ಲ, ನಮ್ಮ ಬಾಯಿಂದ ಏನು ಬರುತ್ತದೆ ಎಂದು ಕಾಯುತ್ತಾರೆ.

ಅವರ ಮಾತನ್ನು ನಾನು ಯಾವಾಗ ತಡೆಯುತ್ತೇನೆ? ಯಾರಿಗಾದರೂ ಅಪಾಯ ಇದ್ದರೆ, ಯಾರನ್ನಾದರೂ ಅವಮಾನ ಮಾಡುವಂತಿದ್ದರೆ, ಕಾನೂನಿಗೆ ವಿರುದ್ಧ ಇದ್ದರೆ. ಈ ಮೂರನ್ನು ಮೊದಲ ಸಭೆಯಲ್ಲೇ ಹೇಳಿಬಿಡುತ್ತೇನೆ. ನನಗೆ ಇಷ್ಟವಿಲ್ಲ ಎಂಬುದು ಅದರಲ್ಲಿ ಸೇರುವುದಿಲ್ಲ.

ಜೋರು ಮಾಡುವವಳು, ಮಾತೇ ಆಡದವಳು

ಲೀಡರ್ ಆದ ಕೂಡಲೇ ಕೆಲವರು ಕಿರುಚಲು ಶುರು ಮಾಡುತ್ತಾರೆ. ಅವರು ಕಂಡ ಅಧಿಕಾರವೇ ಹಾಗಿರುತ್ತದೆ, ಮನೆಯಲ್ಲೋ ಶಾಲೆಯಲ್ಲೋ. ಅಂಥವಳನ್ನು ಅವಳ ಪ್ಯಾಟ್ರೋಲ್ ಎದುರಿಗೆ ಬೈಯಬೇಡಿ. ಅವಳ ಸೀಟಿ ಕಿತ್ತುಕೊಳ್ಳಬೇಡಿ. ಸಭೆ ಮುಗಿದ ಮೇಲೆ, ಎಲ್ಲರಿಗೂ ಕಾಣುವ ಜಗುಲಿಯಲ್ಲೇ, ಆದರೆ ಯಾರಿಗೂ ಕೇಳಿಸದ ಹಾಗೆ ಮಾತಾಡಿ. "ನೀನು ಕೂಗಿದಾಗ ಆ ಚಿಕ್ಕವಳು ಏನು ಮಾಡಿದ್ಲು, ನೋಡ್ದಾ?" ಎಂದು ಕೇಳಿ. ಹೆಚ್ಚಿನವರು ನೋಡಿರುತ್ತಾರೆ. ಮುಂದಿನ ವಾರ ಸೀಟಿ, ಕೈಸನ್ನೆ ಮಾತ್ರ ಬಳಸಿ ಪ್ಯಾಟ್ರೋಲ್ ನಡೆಸುವ ಸವಾಲು ಕೊಡಿ. ಸ್ಕೌಟಿಂಗ್‌ನಲ್ಲಿ ಸೀಟಿ ಸಂಕೇತ, ಕೈಸನ್ನೆ ಇರುವುದು ಇದಕ್ಕೂ ಅನುಕೂಲ.

ಮಾತೇ ಆಡದ ಲೀಡರ್‌ಗೆ ಭಾಷಣ ಕಲಿಸಲು ಹೋಗಬೇಡಿ. ಕೈಯಲ್ಲಿ ಮಾಡುವ ಕೆಲಸ ಕೊಡಿ.

ದೊಡ್ಡವರ ಕೈಯಲ್ಲೇ ಇರಬೇಕಾದದ್ದು

ಮಕ್ಕಳಿಗೆ ಜವಾಬ್ದಾರಿ ಕೊಡುವುದು ಎಂದರೆ ಅವರ ಜೀವದ ಹೊಣೆಯನ್ನು ಅವರ ಮೇಲೇ ಹಾಕುವುದಲ್ಲ. ಇದರಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ.

ಜಾಗವನ್ನು ಮೊದಲೇ ಹೋಗಿ ನೋಡಿ ಬರುವುದು, ಅರಣ್ಯ ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿದಿರುವುದು, ಇವೆಲ್ಲ ನಮ್ಮವು. ದೇವರಾಯನದುರ್ಗದ ಕಾಡಲ್ಲಿ ಚಿರತೆ, ಕರಡಿ ಇವೆ. ಕತ್ತಲಾಗುವ ಮುಂಚೆ ಕೆಳಗಿಳಿದು ರಸ್ತೆಗೆ ಬಂದಿರಬೇಕು. ಬಂಡೆಗಳಲ್ಲಿ ಹೆಜ್ಜೇನು ಇರುವ ಕಡೆ ಹೊಗೆ, ಗಲಾಟೆ, ಕಲ್ಲು ಎಸೆಯುವುದು ಕೂಡದು. ಬೇಸಿಗೆಯಲ್ಲಿ ಬಂಡೆ ಕಾಯುವ ಮುಂಚೆ ಹತ್ತಿ ಇಳಿದುಬಿಡಿ. ಕೆರೆ, ಕಲ್ಯಾಣಿ, ಕ್ವಾರಿ ಹೊಂಡ ಕಂಡರೆ ದಡಕ್ಕೆ ಮಕ್ಕಳಿಗಿಂತ ಮುಂಚೆ ದೊಡ್ಡವರೊಬ್ಬರು ಹೋಗಿ ನಿಂತಿರಬೇಕು. ಕ್ವಾರಿ ಹೊಂಡಕ್ಕೆ ಇಳಿಯುವ ಮಾತೇ ಇಲ್ಲ.

ಹಾವು ಕಚ್ಚಿದರೆ ಕಟ್ಟು ಬಿಗಿಯಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು, ನಾಟಿ ಔಷಧಿಗೆ ಓಡಬಾರದು. ಕಚ್ಚಿದ ಭಾಗ ಅಲ್ಲಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ, ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಬೇಕು. ಇದನ್ನು ಲೀಡರ್‌ಗಳಿಗೂ ಕಲಿಸಿ, ಬಾಯಿಪಾಠ ಆಗಿರಲಿ.

ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ, ಮರೆಯಲ್ಲಿ ಇರಬಾರದು. ಹುಡುಗಿಯರ ಜೊತೆ ರಾತ್ರಿ ಉಳಿಯುವ ಶಿಬಿರದಲ್ಲಿ ಮಹಿಳೆಯರು ಇರಲೇಬೇಕು, ಮಲಗುವ, ಸ್ನಾನದ ಜಾಗ ದೊಡ್ಡವರದು ಬೇರೆ, ಮಕ್ಕಳದು ಬೇರೆ. ಮಕ್ಕಳ ಫೋಟೋ ಊರವರ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಬೇಡಿ. ಮಗು ತನಗೆ ಆದ ಲೈಂಗಿಕ ಕಿರುಕುಳದ ಬಗ್ಗೆ ಬಾಯಿಬಿಟ್ಟರೆ ಅದನ್ನು ಲೀಡರ್‌ಗಳ ಸಭೆಯಲ್ಲೋ ಶಾಲೆಯೊಳಗೋ ತೀರ್ಮಾನಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪ್ರತಿ ಮಗುವಿಗೂ ಹೇಳಿಕೊಡಿ. ಲೀಡರ್ ಹುಡುಗಿಗೆ ಇಂಥದ್ದು ಮೊದಲು ಗೊತ್ತಾಗುವ ಸಂಭವ ಹೆಚ್ಚು. "ಇಂಥ ಮಾತು ಕಿವಿಗೆ ಬಿದ್ರೆ ನೀನೊಬ್ಬಳೇ ಹೊತ್ಕೊಂಡು ಕೂರಬೇಡ, ನಂಬುವ ದೊಡ್ಡವರಿಗೆ ಹೇಳು" ಎಂದು ಮೊದಲೇ ಹೇಳಿಟ್ಟಿರಿ.

ಮನೆಯವರ ಒಪ್ಪಿಗೆ

"ಹೆಣ್ಣುಮಕ್ಳನ್ನ ರಾತ್ರಿ ಹೊರಗೆ ಕಳಿಸ್ಬೇಕಾ ಮೇಡಂ?" ಇದು ನಮ್ಮ ಕಡೆ ಪ್ರತಿ ಶಿಬಿರಕ್ಕೂ ಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. ಫೋನಿನಲ್ಲಿ ಉತ್ತರ ಕೊಡಬೇಡಿ. ಮನೆಗೆ ಹೋಗಿ, ಪ್ಯಾಟ್ರೋಲ್ ಲೀಡರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿ ಮಲಗುತ್ತಾರೆ, ಶೌಚಾಲಯ ಎಲ್ಲಿದೆ, ಯಾವ ಟೀಚರ್ ಇರುತ್ತಾರೆ, ಎಷ್ಟೊತ್ತಿಗೆ ವಾಪಸ್ ಬರುತ್ತಾರೆ, ಇವನ್ನು ಆ ಹುಡುಗಿಯೇ ಹೇಳಲಿ. ನೀವು ಮನೆಯವರು ಕೊಟ್ಟ ಕಾಫಿ ಕುಡಿಯುತ್ತಾ ಕೂತಿರಿ. ಪಕ್ಕದ ಬೀದಿಯ ಹುಡುಗಿ ಗಟ್ಟಿಯಾಗಿ, ಲೆಕ್ಕ ಕೊಟ್ಟು ಮಾತಾಡುವುದನ್ನು ಕೇಳಿದ ಅಜ್ಜಿಯರೇ ಎಷ್ಟೋ ಸಲ "ಕಳಿಸ್ರೋ" ಎಂದಿದ್ದಾರೆ. ಕಳಿಸುವುದಿಲ್ಲ ಎಂದರೆ ಒತ್ತಾಯ ಬೇಡ, ಒಂದು ದಿನದ ಹೈಕ್‌ಗೆ ಕೇಳಿ.

ಖರ್ಚಿನ ಭಯ ಈಗ ಸ್ವಲ್ಪ ಇಳಿದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. ಬಸ್ಸಿನ ಸಮಯ ವಿಚಾರಿಸುವುದು, ಎಲ್ಲರ ಹತ್ತಿರ ಗುರುತಿನ ಚೀಟಿ ಇದೆಯೇ ಎಂದು ಹಿಂದಿನ ದಿನವೇ ನೋಡುವುದು ಸೆಕೆಂಡ್‌ಗಳಿಗೆ ಒಪ್ಪುವ ಕೆಲಸ.

ಲಾಗ್ ಬುಕ್ ಮತ್ತು ಪ್ರಶಸ್ತಿ

ಗೈಡ್ ಒಂದೊಂದಾಗಿ ಏರುವ ಹಂತಗಳು ಇವು: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪ್ರಶಸ್ತಿ. ಮೆಟ್ಟಿಲು ಚೆನ್ನಾಗಿದೆ. ಆದರೆ ಪರೀಕ್ಷೆ ಹತ್ತಿರ ಬಂದಾಗ, ತಾನು ಮಾಡಿದ್ದನ್ನು ಮಗುವೇ ಬರೆದಿಡಬೇಕಾದ ಲಾಗ್ ಬುಕ್ ದೊಡ್ಡವರ ಕೈಗೆ ಹೋಗುತ್ತದೆ. ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಚಿತ್ರ, ಅಕ್ಕ ಬರೆದುಕೊಟ್ಟ ಅಕ್ಷರ, ಹೋಗದ ಹೈಕ್‌ನ ವರದಿ. ನಾನು ಇದನ್ನು ಸಹಿಸುವುದಿಲ್ಲ. ಸ್ಕೌಟ್ ಗೈಡ್ ನಿಯಮದ ಮೊದಲ ಸಾಲೇ ನಂಬಿಕೆಗೆ ಅರ್ಹಳಾಗಿರುವುದು, ಅದನ್ನು ಕಲಿಸುವ ಪುಸ್ತಕದಲ್ಲೇ ಸುಳ್ಳು ಬರೆಸಿದರೆ ಬ್ಯಾಡ್ಜ್‌ಗೆ ಬೆಲೆ ಏನು? ನಮ್ಮಲ್ಲಿ ಲಾಗ್ ಬುಕ್ಕನ್ನು ಮೊದಲು ನೋಡಿ ಸಹಿ ಹಾಕುವವಳು ಪ್ಯಾಟ್ರೋಲ್ ಲೀಡರ್, ಆಮೇಲೆ ನಾನು. ಅವಳ ಕಣ್ಣು ತಪ್ಪಿಸುವುದು ಕಷ್ಟ, ಯಾರು ಯಾವ ಹೈಕ್‌ಗೆ ಬಂದಿದ್ದರು ಎಂದು ಅವಳಿಗೆ ಚೆನ್ನಾಗಿ ನೆನಪಿರುತ್ತದೆ.

ಕ್ಯಾಪ್ಟನ್‌ಗೆ ವರ್ಗಾವಣೆ ಆದಾಗ

ಸರ್ಕಾರಿ ಶಾಲೆಗಳಲ್ಲಿ ಇದು ಬಂದೇ ಬರುತ್ತದೆ. ಕ್ಯಾಪ್ಟನ್ ಬೇರೆ ತಾಲ್ಲೂಕಿಗೆ ಹೋದರೆ ಹಗ್ಗ, ಧ್ವಜ, ರಿಜಿಸ್ಟರ್ ಬೀರು ಸೇರುತ್ತವೆ, ಕಂಪನಿ ಅಲ್ಲಿಗೆ ನಿಲ್ಲುತ್ತದೆ. ಲೀಡರ್‌ಗಳು ನಿಜವಾಗಿ ನಡೆಸುತ್ತಿದ್ದ ಕಡೆ ಹಾಗಾಗುವುದಿಲ್ಲ. ಶನಿವಾರ ಬಂದರೆ ಅವರು ತಾವಾಗಿ ಸಾಲು ನಿಲ್ಲುತ್ತಾರೆ, ಹೊಸ ಟೀಚರ್ ಹತ್ತಿರ ಹೋಗಿ "ಮಿಸ್, ನೀವು ಬನ್ನಿ" ಎನ್ನುತ್ತಾರೆ. ಆದ್ದರಿಂದ ಪೆಟ್ಟಿಗೆಯ ಇನ್ನೊಂದು ಬೀಗದ ಕೈ ಕಂಪನಿ ಲೀಡರ್ ಹತ್ತಿರ ಇರಲಿ. ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ಮುಚ್ಚಳದ ಒಳಮೈಗೆ ಅಂಟಿಸಿ. ಖರ್ಚಿನ ಪುಸ್ತಕ ಮಕ್ಕಳೇ ಬರೆಯಲಿ.

ಪಿಯುಸಿ, ಡಿಗ್ರಿಗೆ ಹೋದ ಹಳೆಯ ಗೈಡ್‌ಗಳು ರೇಂಜರ್ (ಗೈಡ್ಸ್‌ನಲ್ಲಿ ದೊಡ್ಡ ಹುಡುಗಿಯರ ವಿಭಾಗ) ಆಗಿ ತಿರುಗಿ ಬಂದರೆ ಸಂತೋಷ. ಅವರಿಗೆ ಒಂದೇ ಎಚ್ಚರಿಕೆ: ಪ್ಯಾಟ್ರೋಲನ್ನು ನೀವು ನಡೆಸಬೇಡಿ, ಬುಧವಾರದ ಸಭೆಯಲ್ಲಿ ಲೀಡರ್‌ಗಳಿಗೆ ಕಲಿಸಿ.

ಈ ಜೂನ್‌ನಲ್ಲಿ ಶುರು ಮಾಡುವವರಿಗೆ

ಕ್ಯಾಪ್ಟನ್, ಸ್ಕೌಟ್ ಮಾಸ್ಟರ್‌ಗಳ ತರಬೇತಿಯಾದ ಬೇಸಿಕ್ ಕೋರ್ಸ್ ಆಗಿಲ್ಲದಿದ್ದರೆ ಸ್ಕೌಟ್ಸ್ ಅಂಡ್ ಗೈಡ್ಸ್ ಜಿಲ್ಲಾ ಸಂಸ್ಥೆಯಲ್ಲಿ ಹೆಸರು ಕೊಡಿ. ದೊಡ್ಡಬಳ್ಳಾಪುರದ ಆನಿಬೆಸೆಂಟ್ ಪಾರ್ಕ್ ತರಬೇತಿ ಕೇಂದ್ರ ನಮ್ಮ ಜಿಲ್ಲೆಯವರಿಗೆ ದೂರವೇನಲ್ಲ. ಅಲ್ಲಿ ನಿಮ್ಮನ್ನೂ ಪ್ಯಾಟ್ರೋಲಿಗೆ ಸೇರಿಸುತ್ತಾರೆ, ನಿಮ್ಮ ಲೀಡರ್ ನಿಮಗಿಂತ ಚಿಕ್ಕ ವಯಸ್ಸಿನವರಾಗಿರಬಹುದು. ಅವರು ಹೇಳಿದಂತೆ ಪಾತ್ರೆ ತೊಳೆಯಿರಿ, ಮಕ್ಕಳಿಗೆ ಹೇಗನ್ನಿಸುತ್ತದೆ ಎಂದು ತಿಳಿಯುತ್ತದೆ.

ಮೊದಲ ಎರಡು ಶನಿವಾರ ಆಟ, ಮಕ್ಕಳ ಪರಿಚಯ. ಮೂರನೆಯದರಲ್ಲಿ ಪ್ಯಾಟ್ರೋಲ್ ವಿಂಗಡಣೆ, ಹೆಸರು ಆರಿಸುವುದು, ಲೀಡರ್ ಆಯ್ಕೆ. ಅದರ ಮುಂದಿನ ಬುಧವಾರವೇ ಲೀಡರ್‌ಗಳ ಮೊದಲ ಸಭೆ ಕರೆದು ಒಂದು ಗಂಟು, ಒಂದು ಆಟ ಕಲಿಸಿ. ನಾಲ್ಕನೇ ಶನಿವಾರ ಅವೆರಡನ್ನೂ ಅವರೇ ನಡೆಸಲಿ, ಹತ್ತು ನಿಮಿಷದಲ್ಲಿ ಕೆಟ್ಟರೂ ಪೂರ್ತಿ ನಡೆಯಲು ಬಿಡಿ. ಅಂದೇ ಸಂಜೆ ಕೋರ್ಟ್ ಆಫ್ ಆನರ್ ಕೂಡಿಸಿ, ಹೊಸ ನಡಾವಳಿ ಪುಸ್ತಕ ಮತ್ತು ಒಂದು ಪೆನ್ನು ಅವರ ಕೈಗೆ ಕೊಟ್ಟು, ಜುಲೈ ತಿಂಗಳ ಕಾರ್ಯಕ್ರಮ ಬರೆಯಲು ಹೇಳಿ.